ಎರಡನೆಯ ಗುಂಡು

ನಾನು ಕಡಲಾಚೆಯ ಕಾರ್ಖಾನೆಯಲ್ಲಿ ಹುಟ್ಟಿದ ಕೋವಿ. ಕೋವಿಗಳಲ್ಲೂ ಅರೆ ಸ್ವಯಂಚಾಲಿತ ಜಾತಿ ನನ್ನದು. ಒಂದು ಗುಂಡು ಹಾರಿದೊಡನೆ, ಅದರ ಒದೆತದಿಂದಲೇ ಮುಂದಿನ ತೋಟಾವನ್ನು ನಾನೇ ಒಳಗೆಳೆದುಕೊಳ್ಳುತ್ತೇನೆ. ಆ ಜಂಬ ನನಗೆ ಬಹಳ ಇತ್ತು.

ಕೊಡಗಿಗೆ ನನ್ನನ್ನು ತಂದವನು ಕಾಫಿ ತೋಟದ ಒಬ್ಬ ಬಿಳಿಯ ದೊರೆ. ತನ್ನ ದೇಶಕ್ಕೆ ಹೊರಡುವಾಗ ನನ್ನನ್ನು ತೋಟದ ಲೆಕ್ಕಪತ್ರ ಬರೆಯುವ ರೈಟರಿಗೆ ಕೊಟ್ಟುಹೋದ. ರೈಟರಿಗೆ ಪಳಂಗಪ್ಪ, ಐಯಣ್ಣ ಎಂದು ಇಬ್ಬರು ಮಕ್ಕಳು. ತಂದೆ ತೀರಿಕೊಂಡ ಮೇಲೆ, ಹಿರಿಯನೆಂದು ಪಳಂಗಪ್ಪ ನನ್ನನ್ನು ಇಟ್ಟುಕೊಂಡರು. “ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಗೆಲ್ಲುವವನು ನಾನು, ಕೋವಿ ನನಗೇ ಸೇರಬೇಕು” ಎಂದು ಐಯಣ್ಣ ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು. “ನಿನ್ನ ಹೆಣ ನೋಡಲಲ್ಲದೆ ಈ ಅಂಗಳ ತುಳಿಯುವುದಿಲ್ಲ” ಎಂದು ಅಣ್ಣನಿಗೆ ಹೇಳಿ, ಐಯಣ್ಣ ಗದ್ದೆಯಾಚೆ ಬೇರೆ ಮನೆ ಕಟ್ಟಿಕೊಂಡರು. ಹೇಳಿದಂತೆಯೇ ನಡೆದುಕೊಂಡರು ಕೂಡ.

ಬರಬರುತ್ತ ನನ್ನ ಅಳತೆಯ ತೋಟಾ ಅಂಗಡಿಗಳಲ್ಲಿ ಸಿಗದಾಯಿತು. ಪಳಂಗಪ್ಪ ಸುಮ್ಮನೆ ಬಿಡುವವರಲ್ಲ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ತಾವೇ ಗುಂಡು ಮಾಡತೊಡಗಿದರು. ಮೆತ್ತನೆಯ ಸೀಸ ನನ್ನ ನಳಿಗೆಗೆ ಅಂಟಬಾರದೆಂದು ಸಿಡಿಮದ್ದು ಕಡಿಮೆ ಹಾಕುತ್ತಿದ್ದರು. ಆ ಬಡಕಲು ಒದೆತಕ್ಕೆ ನನ್ನ ಯಂತ್ರ ಜಗ್ಗುತ್ತಿರಲಿಲ್ಲ. ಮುಂದಿನ ತೋಟಾ ಒಳಸೇರಲು ಪ್ರತಿ ಸಲವೂ ಅವರೇ ಅದನ್ನು ಕೈಯಿಂದ ಎಳೆಯಬೇಕು. ನನ್ನ ಜಂಬವೆಲ್ಲ ಇಳಿಯಿತು. ಆದರೂ ಅಷ್ಟು ಅಕ್ಕರೆಯಿಂದ ಎಣ್ಣೆ ಹಚ್ಚುವ ಕೈಗಳ ಮೇಲೆ ಮುನಿಸಿಕೊಳ್ಳುವುದು ಹೇಗೆ?

ಒಂದು ವರ್ಷ ಅವರಿಗೆ ಎದೆನೋವು ಬಂದು, ಹಾಗೆ ಮತ್ತೆ ಮತ್ತೆ ಎಳೆಯುವಷ್ಟು ಬಲ ಕೈಯಲ್ಲಿ ಉಳಿಯಲಿಲ್ಲ. ಆಗ, ನನ್ನ ಯಂತ್ರ ತಾನಾಗಿ ಓಡಲೆಂದು, ಸೀಸಕ್ಕೆ ತವರ ಬೆರೆಸಿ ಗಟ್ಟಿ ಮಾಡಿ, ಮದ್ದನ್ನೂ ತುಸು ಹೆಚ್ಚಿಸಿ ಹೊಸ ತೋಟಾ ಕಟ್ಟಿದರು. ಅದೇ ವಾರ ಸೊಸೆಗೆ ಗಂಡುಮಗು ಹುಟ್ಟಿತು.

ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು. ಸದ್ದು ಎಣಿಸಿಯೇ ಊರು ಸುದ್ದಿ ತಿಳಿಯುತ್ತದೆ. ಯಾರು ಬೇಡವೆಂದರೂ ಕೇಳದೆ ಪಳಂಗಪ್ಪ ತಾವೇ ಅಂಗಳಕ್ಕೆ ಬಂದು, ಮಣ್ಣಿನ ದಿಣ್ಣೆಗೆ ಗುರಿಯಿಟ್ಟು ಹೊಡೆದರು. ಎಷ್ಟೋ ವರ್ಷಗಳ ಮೇಲೆ ನಾನು ತೋಟಾವನ್ನು ನಾನಾಗಿ ಒಳಗೆಳೆದುಕೊಂಡೆ. ಆ ಹಿಗ್ಗು ಹೇಗೆ ಹೇಳಲಿ! ಆದರೆ ಅಂಥ ಒದೆತ ಅವರಿಗೆ ಮರೆತೇ ಹೋಗಿತ್ತು. ತತ್ತರಿಸಿದರು, ಟ್ರಿಗರಿನ ಮೇಲಿದ್ದ ಬೆರಳು ಇನ್ನೊಮ್ಮೆ ಒತ್ತಿತು. ಎರಡನೆಯ ಗುಂಡೂ ಹಾರಿತು.

ಸ್ವಲ್ಪ ಹೊತ್ತಿಗೆಲ್ಲ, ಸಾವಿನ ಮನೆಗೆಂದು ಬಿಳಿ ಬಟ್ಟೆ ಉಟ್ಟ ಜನ ದಾರಿಯಲ್ಲಿ ಕಂಡರು. ಅವರೆಲ್ಲರಿಗಿಂತ ಮೊದಲು, ಗದ್ದೆಯ ಕೆಸರಲ್ಲೇ ಬಿದ್ದೆದ್ದು ಓಡಿ ಬಂದವರು ಐಯಣ್ಣ. ಅಂಗಳದಲ್ಲಿ ಅಣ್ಣ ನನ್ನನ್ನು ಹಿಡಿದು ನಿಂತಿದ್ದನ್ನು ಕಂಡು ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ನೀನೇ ಹೋದೆ ಅಂದ್ಕೊಂಡೆ ಅಣ್ಣ,” ಎಂದು ಮಗುವಿನ ಹಾಗೆ ಅತ್ತರು.

“ಮೊಮ್ಮಗ ಹುಟ್ಟಿದ್ದು ಮಾರಾಯ. ಈ ಕೋವಿ ಸುಮ್ಮನೆ ಎರಡು ಹೊಡೀತು,” ಎಂದರು ಪಳಂಗಪ್ಪ. ಅವರ ಕಣ್ಣಲ್ಲೂ ನೀರಿತ್ತು. “ಬಂದಿದ್ದೀಯಲ್ಲ, ಒಳಗೆ ಬಾ. ಮಗು ನೋಡು.”

ಅಂದಿನಿಂದ ಇಬ್ಬರೂ ಕೂಡಿಯೇ ಸೀಸ ಕರಗಿಸಿದರು. ಮದ್ದು ಎಷ್ಟು ಹಾಕಬೇಕೆಂದು ಜಗಳವಾಡುತ್ತಿದ್ದರು, ಜಗಳ ಮುಗಿಸಿ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಕೆಲವು ವರ್ಷಗಳ ಮೇಲೆ ಪಳಂಗಪ್ಪ ನಿಜವಾಗಿಯೂ ಹೋದರು. ಎರಡು ಗುಂಡು ಹಾರಿಸಿದವರು ಐಯಣ್ಣ. ಊರವರು ಈ ಸಲವೂ ತಪ್ಪೇ ಇರಲಿ ಎಂದು ಆಸೆಪಟ್ಟುಕೊಂಡೇ ಬಂದರಂತೆ.

ಈಗ ನನ್ನ ನಳಿಗೆ ಸವೆದಿದೆ. ಯಾರೂ ನನ್ನಿಂದ ಗುಂಡು ಹಾರಿಸುವುದಿಲ್ಲ. ದೇವರ ಕೋಣೆಯ ಪಕ್ಕದ ಮೂಲೆ ನನ್ನ ಜಾಗ. ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ಬಂದಾಗ ಐಯಣ್ಣ ನನಗೆ ಹೂವಿಟ್ಟು ಕೈಮುಗಿಯುತ್ತಾರೆ. ನಾನೇ ಅವರಿಗೆ ಕೈಮುಗಿಯಬೇಕು, ಆದರೆ ನನಗೆ ಕೈಯಿಲ್ಲ. ಹೋದ ಹಬ್ಬದಲ್ಲಿ ನನ್ನನ್ನು ಒರೆಸುತ್ತ, ಮೆಲ್ಲಗೆ ನನಗಷ್ಟೇ ಕೇಳುವಂತೆ ಹೇಳಿದರು:

“ಅವತ್ತು ನೀನು ಒಂದೇ ಹೊಡೆದಿದ್ರೆ, ಅಣ್ಣನ ಹೆಣದ ಹತ್ರವೇ ನಾನು ಮಾತಾಡ್ಬೇಕಾಗಿತ್ತು.”