ನೀರು ಕುಡಿದ ಎಂಜಿನ್

ತಾನು ಕಟ್ಟಿದ ಎಂಜಿನ್ನನ್ನು ಬೇರೆಯವರು ಹೊಗಳಲಿ ಎಂದು ಮಂದಾಕಿನಿ ಕಾದವಳಲ್ಲ. ಆ ಕೆಲಸವನ್ನೂ ತಾನೇ ಮುಗಿಸಿಬಿಡುತ್ತಿದ್ದಳು. ಕಲಬುರಗಿಯಿಂದ ಬಂದು ಉಪ್ಪಲ್ ಮೆಟ್ರೋ ಡಿಪೋದ ಹಿಂದಿನ ಗಲ್ಲಿಯಲ್ಲಿ ಗಂಡ ಗುರುಬಸವನ ಜೊತೆ ಗ್ಯಾರೇಜು ಇಟ್ಟವಳು. ವೈರಿಂಗು ಅವನದು, ಎಂಜಿನ್ನು ಇವಳದು. ರೇಸಿಗೆ ಹೋಗುವ ಜೀಪುಗಳೆಲ್ಲ ಇವಳ ಕೈಯಲ್ಲೇ ತಯಾರಾಗುತ್ತಿದ್ದವು. ಆ ಧೈರ್ಯದ ಮೇಲೆಯೇ, ದೋಣಿಯ ಎಂಜಿನ್ನನ್ನು ಹಿಂದೆಂದೂ ಮುಟ್ಟದಿದ್ದರೂ, ನರಹರಿಯವರ ಸ್ಪೀಡ್‌ಬೋಟನ್ನು ಒಪ್ಪಿಕೊಂಡಳು. ಅದೇ ಸಂಜೆ ಅಂಗಡಿಯ ಬೋರ್ಡಿಗೆ ‘ಬೋಟ್ ಎಂಜಿನ್ ಸ್ಪೆಷಲಿಸ್ಟ್’ ಅಂತಲೂ ಸೇರಿಸಿದಳು.

ನರಹರಿ ಘಟ್ಕೇಸರ್ ಆಚೆಯ ದೊಡ್ಡ ಕೆರೆಯಲ್ಲಿ ಮಕ್ಕಳಿಗೆ ವಾಟರ್ ಸ್ಕೀ ಕಲಿಸುವವರು. ಕಾಲಿಗೆ ಹಲಗೆ ಕಟ್ಟಿಕೊಂಡು, ದೋಣಿಯ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ ಅದು. ಅವರ ಮಗಳು ಕೋಕಿಲಾ ಅದರಲ್ಲಿ ಗಟ್ಟಿಗಿತ್ತಿ. ಮುಂಬೈಯಿಂದ ತರಿಸಿದ್ದ ಹಳೆಯ ದೋಣಿಯೊಳಗೆ ಎಂಟು ಸಿಲಿಂಡರಿನ, ಬಿಗ್‌ಬ್ಲಾಕ್ ಅನ್ನುವ ಭಾರೀ ಎಂಜಿನ್ ಕೂತಿತ್ತು. ಅದನ್ನು ಮೇಲೆತ್ತಲು ಕ್ರೇನೇ ಬೇಕು.

“ಇಡೀ ತೆಲಂಗಾಣದಾಗ ಇದಕ್ಕಿಂತ ಜೋರ್ ಓಡೋ ಬೋಟ್ ಇರಬಾರದ್ರಿ,” ಎಂದಿದ್ದರು ನರಹರಿ.

“ಇರಂಗಿಲ್ರಿ,” ಎಂದಿದ್ದಳು ಮಂದಾಕಿನಿ.

ದೊಡ್ಡ ಕಾರ್ಬ್ಯುರೇಟರ್ ಹಾಕಿದಳು. ಗಾಳಿ ಸಲೀಸಾಗಿ ಹೋಗುವಂತೆ ಹೆಡ್ಡಿನ ದಾರಿಗಳನ್ನು ಅಗಲ ಮಾಡಿದಳು. ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟನ್ನು ತೆಗೆದು ರೇಸ್ ಕಾರಿನ ಲೆಕ್ಕದ ಕ್ಯಾಮ್ ಕೂಡಿಸಿದಳು. ಅದರ ಸದ್ದೋ ಸದ್ದು! ನಿಂತಲ್ಲೇ ಗುಡುಗುಡು ಅನ್ನುತ್ತಿತ್ತು. ಗಲ್ಲಿಯ ಮಿರ್ಚಿ ಬಜ್ಜಿಯವನು ಬಾಣಲೆ ಬಿಟ್ಟು ಓಡಿಬಂದ. ಮಂದಾಕಿನಿಗೆ ಆ ಸದ್ದಿನ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತು.

ಕೆರೆಯಲ್ಲಿ ಮೊದಲ ದಿನ ದೋಣಿ ಹಾರಿತು ಅಂತಲೇ ಹೇಳಬೇಕು. ಹಿಂದೆ ಹಗ್ಗ ಹಿಡಿದ ಕೋಕಿಲಾ ಕೇಕೆ ಹಾಕುತ್ತಾ ಬಂದಳು. ನಡು ಕೆರೆಯಲ್ಲಿ ಆಯ ತಪ್ಪಿ ಬಿದ್ದಳು. ಸ್ಕೀಯಲ್ಲಿ ಅದು ಮಾಮೂಲು. ನರಹರಿ ದೋಣಿಯನ್ನು ನಿಧಾನಕ್ಕೆ ಅವಳ ಹತ್ತಿರ ತಂದು, ನಿಯಮದಂತೆ ಎಂಜಿನ್ ಬಂದ್ ಮಾಡಿದರು. ಮತ್ತೆ ಕೀಲಿ ತಿರುಗಿಸಿದರೆ ‘ಟಕ್’ ಎಂದು ಒಮ್ಮೆ ಅಂದು ಎಂಜಿನ್ ಬಿಗಿದುಕೊಂಡಿತು. ಗಾಳಿ ದೋಣಿಯನ್ನು ಒಂದು ಕಡೆ ತಳ್ಳಿತು, ಹುಡುಗಿ ಇನ್ನೊಂದು ಕಡೆ ತೇಲಿದಳು. ಕೊನೆಗೆ ಮೀನು ಹಿಡಿಯುವವರು ತೆಪ್ಪದಲ್ಲಿ ಹೋಗಿ ಅವಳನ್ನು ಕರೆತಂದರು.

“ನಾ ಇನ್ನ ಈ ಬೋಟಿನ ಹಿಂದ ಇಳಿಯಂಗಿಲ್ಲ,” ಎಂದಳು ಕೋಕಿಲಾ. ನರಹರಿ ಗದರಿದರು. ಅವಳು ಕೇಳಲಿಲ್ಲ.

ಮಂದಾಕಿನಿ ಸ್ಪಾರ್ಕ್ ಪ್ಲಗ್ ಬಿಚ್ಚಿದಳು. ಸಿಲಿಂಡರಿನಿಂದ ನೀರು ಚಿಮ್ಮಿತು. ನೀರು ಒಳಬರದಂತೆ ತಡೆಯುವ ಗ್ಯಾಸ್ಕೆಟ್ ಹೋಗಿರಬೇಕು ಅಂದುಕೊಂಡು ಬಿಚ್ಚಿ ನೋಡಿದರೆ ಹೊಸದರಂತೆಯೇ ಇತ್ತು. ಆಗ ಎಕ್ಸಾಸ್ಟ್ ಕೊಳವೆಯೊಳಗೆ ಬೆರಳಿಟ್ಟಳು. ಬೆರಳು ಒದ್ದೆಯಾಯಿತು. ಕಾರಿನ ಎಕ್ಸಾಸ್ಟಿನಲ್ಲಿ ಬರೀ ಹೊಗೆ. ದೋಣಿಯಲ್ಲಿ ಅದನ್ನು ತಂಪು ಮಾಡಲು ಒಳಗೇ ನೀರು ಸುರಿಯುತ್ತಾರೆ. ರೇಸಿನ ಕ್ಯಾಮ್ ಗಾಳಿ ಒಳಬರುವ ಬಾಗಿಲನ್ನೂ ಹೊಗೆ ಹೊರಹೋಗುವ ಬಾಗಿಲನ್ನೂ ಒಟ್ಟಿಗೆ ತುಂಬ ಹೊತ್ತು ತೆರೆದಿಡುತ್ತದೆ. ವೇಗದಲ್ಲಿ ಅದರಿಂದ ಲಾಭ. ನಿಧಾನಕ್ಕೆ ತಿರುಗುವಾಗ ಮಾತ್ರ ಎಂಜಿನ್ ಹೊರಬಿಟ್ಟ ಉಸಿರನ್ನೇ ವಾಪಸ್ಸು ಎಳೆಯುತ್ತದೆ, ನೀರಿನ ಸಮೇತ. ಜೀಪಿನ ಜಾಣತನವನ್ನು ಅವಳು ಇದ್ದ ಹಾಗೆಯೇ ಕೆರೆಗೆ ಇಳಿಸಿದ್ದಳು.

“ತಪ್ಪು ನಂದೈತ್ರಿ,” ಎಂದಳು ನರಹರಿಗೆ. “ಈ ಕ್ಯಾಮ್ ತಗೀತೀನಿ. ಸ್ಪೀಡ್ ಸ್ವಲ್ಪ ಕಮ್ಮಿ ಆಕ್ಕೈತಿ.”

“ಕಮ್ಮಿನಾ? ಊರಿಗೆಲ್ಲಾ ಹೇಳೀನಲ್ರೀ ನಾನು! ನಡುವ ಬಂದ್ ಮಾಡದಿದ್ರ ಆತು, ಬಿಡ್ರಿ.”

“ಬಂದ್ ಮಾಡದಿದ್ರೂ ನಿಧಾನದಾಗ ನೀರು ಕುಡೀತೈತ್ರಿ. ಅದರ ಮ್ಯಾಲೆ ಗೇರ್ ಜಾರಿದ್ರ ಬೋಟಿನ ತಳದ ಪಂಖಾ ತಿರುಗ್ತೈತಿ, ಪಕ್ಕದಾಗ ನಿಮ್ಮ ಮಗಳು ಇರ್ತಾಳ.”

“ಹಂಗಾದ್ರ ಮುಂಬೈದವ್ರನ್ನೇ ಕರಸ್ತೀನಿ. ನಿಮ್ಮ ಬೋರ್ಡ್ ಇಳಿಸ್ರಿ,” ಎಂದು ನರಹರಿ ಎದ್ದೇಬಿಟ್ಟರು.

“ನಾ ಸರಿ ಮಾಡಿದ್ದು ಒಂದು ಸಲ ನೋಡಿ ಆಮ್ಯಾಲೆ ಕರಸ್ರಿ,” ಎಂದಳು. ಸಿಟ್ಟು ಬಂದಿತ್ತು, ಅರ್ಧ ಅವರ ಮೇಲೆ, ಅರ್ಧ ತನ್ನ ಮೇಲೆ.

ಕ್ಯಾಮ್ ಹೊರತೆಗೆಯುವಾಗ ಅವಳಿಗೆ ನಿಜಕ್ಕೂ ಸಂಕಟವಾಯಿತು. “ಸದ್ದು ಹೋಗ್ತೈತಲ್ಲ,” ಎಂದ ಗುರುಬಸವ. “ಹೋಗಲಿ ಬಿಡ್ರಿ,” ಎಂದು ಮೂಗೊರೆಸಿಕೊಂಡಳು. ಸಿಲಿಂಡರುಗಳನ್ನು ಒಣಗಿಸಿ, ಎಣ್ಣೆ ಬದಲಿಸಿ, ಸೌಮ್ಯವಾದ ಕ್ಯಾಮ್ ಕೂಡಿಸಿದಳು. ನೀರು ಹಿಂದಕ್ಕೆ ಬರದಂತೆ ಎಕ್ಸಾಸ್ಟಿನ ಬಾಗನ್ನು ಎತ್ತರಿಸಿದಳು. ಇಷ್ಟು ದೊಡ್ಡ ಎಂಜಿನ್ನಿಗೆ ಕಿರುಚಾಡುವ ದರ್ದೇನಿದೆ, ನಿಧಾನಕ್ಕೆ ತಿರುಗುವಾಗಲೇ ಎಳೆಯುವ ತಾಕತ್ತು ಬೇಕಾದಷ್ಟಿದೆ ಎಂದು ಅವಳಿಗೆ ಈಗ ಖಾತ್ರಿಯಾಗಿತ್ತು.

ಮತ್ತೆ ಕೆರೆ. ದೋಣಿ ಚೆನ್ನಾಗಿಯೇ ಓಡಿತು. ಆದರೆ ಹಾರಲಿಲ್ಲ. ನರಹರಿಯವರ ಮುಖ ಹುಳಿಯಾಯಿತು. ಕೋಕಿಲಾ ಹಿಂದಿನ ಸೀಟಿನಲ್ಲಿ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಸ್ಕೀ ಹಲಗೆಗಳು ಒಣಗಿಯೇ ಇದ್ದವು.

ನಡು ಕೆರೆಯಲ್ಲಿ, ದೋಣಿಯಲ್ಲೇ ಇದ್ದ ಮಂದಾಕಿನಿ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿದು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಧಬಾರನೆ ನೀರಿಗೆ ಬಿದ್ದಳು. ಅವಳಿಗೆ ಈಜು ಬರುವುದಿಲ್ಲ. ಅದು ಗೊತ್ತಿದ್ದ ಗುರುಬಸವ ದಡದಿಂದಲೇ ಬೊಬ್ಬೆ ಹಾಕಿದ.

“ಸಾಹೇಬ್ರ, ಎಂಜಿನ್ ನಿಧಾನದಾಗ ಬಿಡ್ರಿ,” ಎಂದು ಕೂಗಿದಳು, ಬಾಯಿಗೆ ನುಗ್ಗಿದ ನೀರು ಉಗುಳಿ. “ಹಂಗ ಇರಲಿ. ಫ್ಲಾಸ್ಕ್‌ನಾಗ ಚಹಾ ಐತಿ, ಆರಾಮ ಕುಡೀರಿ. ಆಮ್ಯಾಲೆ ಬಂದ್ ಮಾಡ್ರಿ. ಚಾಲೂ ಆದ್ರ ನನ್ನ ಎತ್ರಿ, ಆಗಲಿಲ್ಲಂದ್ರ ನಾ ಇಲ್ಲೇ ಇರ್ತೀನಿ!”

ನರಹರಿ ಚಹಾ ಕುಡಿದರು. ಎಂಜಿನ್ ಒಂದೇ ಸಮ ತಿರುಗುತ್ತಿತ್ತು. ಬಂದ್ ಮಾಡಿದರು. ಗಾಳಿ ದೋಣಿಯನ್ನು ಮೆಲ್ಲಗೆ ಆಚೆ ತಳ್ಳತೊಡಗಿತು. ನೀರಿನಲ್ಲಿ ಮಂದಾಕಿನಿ ಲೈಫ್ ಜಾಕೆಟ್ಟನ್ನು ಎರಡೂ ಕೈಯಿಂದ ಅವುಚಿ ಹಿಡಿದಳು. ಭಯ ಇರಲಿಲ್ಲ ಅಂದರೆ ಸುಳ್ಳಾದೀತು. ಆದರೂ ಗದ್ದ ಎತ್ತಿಕೊಂಡೇ ಇದ್ದಳು.

ನರಹರಿ ಕೀಲಿ ತಿರುಗಿಸಿದರು. ಮೊದಲ ಸುತ್ತಿಗೇ ಹತ್ತಿಕೊಂಡಿತು.

ಅವರು ದೋಣಿಯನ್ನು ಅವಳ ಪಕ್ಕಕ್ಕೆ ತಂದು, ತಾವಾಗಿಯೇ ಮತ್ತೆ ಬಂದ್ ಮಾಡಿದರು. “ಬೋರ್ಡ್ ಇರಲಿ ಬಿಡ್ರಿ,” ಎಂದು ಬಗ್ಗಿ ಕೈ ಚಾಚಿದರು. ಅಷ್ಟರಲ್ಲಿ ದೋಣಿಯ ಇನ್ನೊಂದು ಮಗ್ಗುಲಲ್ಲಿ ಧುಮುಕಿದ ಸಪ್ಪಳವಾಯಿತು.

“ಕಾಕೂ,” ಎಂದಳು ಕೋಕಿಲಾ, ನೀರಿನಿಂದ ತಲೆ ಎತ್ತಿ, “ನೀವು ಮ್ಯಾಲೆ ಹತ್ರಿ. ಹಗ್ಗ ನನಗ ಕೊಡ್ರಿ.”