ಫ್ಯೂಸಿಗೆ ಸುತ್ತಿದ ತಂತಿ

ರಾತ್ರಿ ಹನ್ನೆರಡಕ್ಕೆ ಮೀಟರ್ ಪೆಟ್ಟಿಗೆಯೊಳಗೆ ‘ಟಕ್’ ಎಂದು ಸಣ್ಣ ಸದ್ದಾಯಿತು. ಕರೆಂಟಿನ ಅಗ್ಗದ ದರ ಶುರುವಾಯಿತೆಂದು ಅದರ ಅರ್ಥ. ಚಾಚಕ್ ಪಟ್ಟಣದಲ್ಲಿ ಆ ಸದ್ದಿಗೆ ಕಾದಿದ್ದು ಬಟ್ಟೆ ಒಗೆಯುವ, ರೊಟ್ಟಿ ಬೇಯಿಸುವ ಮನೆಗಳೇ ಹೆಚ್ಚು. ಯಾಗೊಡ ಕೂಡಲೇ ಓವನ್ ಹಾಕಿದಳು. ಬೆಳಗಾದರೆ ಸಂತ ನಿಕೊಲಾನ ದಿನ, ಗಂಡನ ಮನೆತನದ ಹಬ್ಬ. ಎಂಟಕ್ಕೆ ಪಾದ್ರಿ ಬಂದು ಹಬ್ಬದ ರೊಟ್ಟಿ ಕತ್ತರಿಸಬೇಕು. ಅತ್ತೆ ತೀರಿಕೊಂಡ ಮೇಲೆ ಆ ರೊಟ್ಟಿಯನ್ನು ಅವಳೇ ಮಾಡುತ್ತಿರುವುದು ಇದೇ ಮೊದಲು.

ಅರ್ಧ ಗಂಟೆ ಕಳೆದರೂ ಓವನ್ ಕಾಯಲಿಲ್ಲ. ಅದರ ಮೇಲಿನ ವಿದ್ಯುತ್ ಒಲೆಗಳು ಮಾತ್ರ ಬಿಸಿಯಾಗುತ್ತಿದ್ದವು.

“ಮೂರು ಫ್ಯೂಸಲ್ಲಿ ಒಂದು ಹೋಗಿದೆ, ಅಷ್ಟೆ,” ಎಂದ ಗಂಡ ಮಿಯೊದ್ರಾಗ್, ತಾಮ್ರದ ತಂತಿ ಹುಡುಕುತ್ತಾ. “ಎರಡು ಸುತ್ತು ಸುತ್ತಿದ್ರೆ ಆಯ್ತು.”

“ಬೇಡ ಕಣ್ರೀ. ಪೆರ್ಸಿದಕ್ಕನ್ನ ಕೇಳ್ತೀನಿ.”

“ಈ ಹೊತ್ತಲ್ಲಾ? ಚಪ್ಪಲಿ ತಗೊಂಡು ಓಡಿಸ್ತಾಳೆ.”

ಎದುರು ಮನೆಯ ಪೆರ್ಸಿದ ಮೂವತ್ತು ವರ್ಷ ವಿದ್ಯುತ್ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಅವರದೂ ಅದೇ ಸಂತನ ಹಬ್ಬ, ಎಚ್ಚರವಾಗಿಯೇ ಇದ್ದಳು. ಯಾಗೊಡ ಕರೆದೊಡನೆ ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು.

“ತಂತಿ ಕೆಳಗಿಡು ಮಾರಾಯ. ಫ್ಯೂಸ್ ಇರೋದೇ ಸುಟ್ಟು ಹೋಗೋದಕ್ಕೆ. ಕರೆಂಟು ಜಾಸ್ತಿ ಹರಿದ್ರೆ ತಾನು ಸುಟ್ಟು ಮನೆ ಉಳಿಸುತ್ತೆ. ನಿನ್ನ ತಂತಿ ಸುಡಲ್ಲ, ಗೋಡೆಯೊಳಗಿನ ವೈರು ಸುಡುತ್ತೆ.”

“ನಮ್ಮಪ್ಪ ಹೀಗೇ ಮಾಡ್ತಿದ್ರು. ಏನೂ ಆಗಿಲ್ಲ.”

“ನಿಮ್ಮಪ್ಪನ ಕಾಲದಲ್ಲಿ ಎರಡು ಬಲ್ಬು, ಒಂದು ರೇಡಿಯೋ. ಈಗ ಹನ್ನೆರಡು ಹೊಡೆದ್ರೆ ಓವನ್, ಹೀಟರ್, ಬಟ್ಟೆ ಮಷೀನು ಎಲ್ಲಾ ಒಟ್ಟಿಗೇ ಹಾಕ್ತೀರಿ.”

ಪೆರ್ಸಿದ ಕೈ ಒರೆಸಿಕೊಂಡು ಮೊದಲು ಮೇನ್ ಆರಿಸಿದಳು. ಟಾರ್ಚ್ ಬೆಳಕಿನಲ್ಲಿ ಫ್ಯೂಸ್‌ಗಳನ್ನು ಬಿಚ್ಚಿದಳು. ಒಂದು ಸುಟ್ಟಿತ್ತು. ಪಕ್ಕದ್ದಕ್ಕೆ ಆಗಲೇ ತಂತಿ ಸುತ್ತಲಾಗಿತ್ತು.

“ಇದು ಯಾರ ಕೆಲಸ?”

“ಹೋದ ಚಳಿಗಾಲದ್ದು. ನಾನೇ,” ಎಂದ ಮಿಯೊದ್ರಾಗ್ ಮೆಲ್ಲಗೆ.

ಅದರ ಹಿಂದಿನ ಗಾರೆ ಕಂದು ಬಣ್ಣಕ್ಕೆ ತಿರುಗಿತ್ತು. ಯಾಗೊಡ ಗೋಡೆ ಮುಟ್ಟಿದಳು. ಬೆಚ್ಚಗಿತ್ತು. ಆ ಗೋಡೆಯ ಇನ್ನೊಂದು ಬದಿಗೆ ಮಗಳು ನೆವೆನ್ಕಳ ಮಂಚ.

ಮಿಯೊದ್ರಾಗ್ ಒಳಗೆ ಹೋದ. ಮಲಗಿದ್ದ ಮಗುವಿನ ಸಮೇತ ಮಂಚವನ್ನು ಗೋಡೆಯಿಂದ ದೂರ ಎಳೆದ.

“ರೊಟ್ಟಿ ಕೊಡು, ನನ್ನ ಓವನ್ನಲ್ಲಿ ಎರಡಕ್ಕೂ ಜಾಗ ಇದೆ,” ಎಂದಳು ಪೆರ್ಸಿದ. “ಎಲೆಕ್ಟ್ರಿಷಿಯನ್ ಬಂದು ನೋಡೋತನಕ ಮೇನ್ ಹಾಕ್ಬೇಡಿ. ಅವನು ಹಾಕೋ ಹೊಸ ಫ್ಯೂಸೂ ಹೋದ್ರೆ ದೋಷ ಓವನ್ ಒಳಗೇ ಇದೆ ಅಂತ.”

“ಅಕ್ಕಾ, ನಿಮ್ಮ ಉಪಕಾರ ಹೇಗೆ...”

“ಸುಮ್ನಿರು. ನನ್ನದಕ್ಕಿಂತ ನಿಂದೇ ಚೆನ್ನಾಗಿ ಉಬ್ಬಿದೆ, ನಂಗೆ ಹೊಟ್ಟೆಯುರಿ.”

ಬೆಳಿಗ್ಗೆ ಪಾದ್ರಿ ರೊಟ್ಟಿ ಕತ್ತರಿಸಿದರು. ಬಂದವರೆಲ್ಲ ಅದರ ಬಣ್ಣ ಹೊಗಳಿದರು. ಮೊದಲ ಲೋಟ ರಾಕಿಯಾ ಮದ್ಯವನ್ನು ಮಿಯೊದ್ರಾಗ್ ಎದ್ದು ನಿಂತು, ತನ್ನ ಮನೆಯ ಹಬ್ಬದ ನಡುವೆಯೂ ಬಂದಿದ್ದ ಪೆರ್ಸಿದಳ ಕೈಗೆ ಕೊಟ್ಟ. “ನೀವು ಬರದೇ ಇದ್ದಿದ್ರೆ...” ಎಂದ. ಅವನ ತಗ್ಗಿದ ಮುಖ ನೋಡಿ, ಆ ತಂತಿಯ ವಿಷಯ ಯಾರಿಗೂ ಹೇಳಬಾರದೆಂದು ಯಾಗೊಡ ನಿರ್ಧರಿಸಿದಳು.

ಆದರೆ ನಿಮಗೆ ಹೇಳಲೇಬೇಕು. ಓವನ್ ಕಾಯದಿದ್ದರೆ ಮೇನ್ ಆರಿಸಿ. ಫ್ಯೂಸಿಗೆ ತಂತಿ ಸುತ್ತಬೇಡಿ. ಹಿಂದೆಂದೋ ಸುತ್ತಿದ್ದರೆ ಇಂದೇ ಎಲೆಕ್ಟ್ರಿಷಿಯನ್ ಕರೆಸಿ ತೆಗೆಸಿ. ತಿಳಿದವರ ಬಾಗಿಲು ತಟ್ಟಲು ಎಷ್ಟು ಹೊತ್ತಾದರೂ ಸಂಕೋಚಪಡಬೇಡಿ. ಗೋಡೆಯಾಚೆ ನಿಮ್ಮ ಮಗುವೂ ಮಲಗಿರಬಹುದು.