ಬಟ್ಟಲ ಮೇಲಿನ ಅಂಗೈ

ಬೂದಿ ಹಾಕಿ ಉಜ್ಜಿದ ಹಿತ್ತಾಳೆ ಪಾತ್ರೆಯೊಳಗೆ ಒಂದು ಮುಖ ಕಾಣಿಸಿತು, ಅಗಲವಾಗಿ, ಮೂಗು ಊದಿಕೊಂಡು, ಸಿಟ್ಟು ಬಂದಾಗ ನಾನು ಹೀಗೇ ಕಾಣುತ್ತೇನೇನೋ ಅಂದುಕೊಂಡಳು ಕುಂಝೆಸ್, ಮತ್ತೊಂದು ಹಿಡಿ ಬೂದಿ ಹಾಕಿ ಆ ಮುಖವನ್ನೇ ಉಜ್ಜಿದಳು, ಕಾಲುವೆಯ ನೀರು ಬೆರಳುಗಳನ್ನು ಕಚ್ಚುತ್ತಿದೆ, ನೀರ್ಗಲ್ಲಿನಿಂದ ಈಗಷ್ಟೇ ಕರಗಿ ಇಳಿದ ನೀರು, ಓಂ ಮಣಿ ಪದ್ಮೇ ಹೂಂ, ನಾಲ್ಕು ಬಟ್ಟಲು, ನಾಲ್ಕು ಬಟ್ಟಲು ಚಹಾ ಕುಡಿದಳು ಅತ್ತೆ, ಬೆಳಿಗ್ಗೆ, ಎಲ್ಲರ ಕಣ್ಣೆದುರಿಗೆ, ಮೂರು ತಿಂಗಳಿಂದ ಅರ್ಧ ಬಟ್ಟಲಿಗೇ ಸಾಕು ಸಾಕು ಅನ್ನುತ್ತಿದ್ದವಳು, ಅದೂ ಯಾರ ಕೈಯಿಂದ, ಮೂರು ದಿನದ ಹಿಂದೆ ಬಂದ ಆ ಬೂದುಗಣ್ಣಿನ ಹುಡುಗಿಯ ಕೈಯಿಂದ. ಇಂಗ್ರಿಡ್ ಅಂತೆ ಹೆಸರು. ಹೆಸರು ಹೇಳುವಾಗ ನಾಲಿಗೆ ಕಲ್ಲಿನ ಮೇಲೆ ಜಾರಿದ ಹಾಗಾಗುತ್ತದೆ. ನಿನ್ನೆ ಮೇಲಿನ ಕಾಲುವೆಯಲ್ಲಿ ಸೋಪು ಹಚ್ಚಿ ತಲೆ ತೊಳೆದಳು, ಕುಡಿಯುವ ನೀರಿನ ಕಾಲುವೆ, ನೀರಿನ ನಾಗರು ಇರುವ ಜಾಗ, ಅಲ್ಲಿ ಯಾರೂ ಒಂದು ಬಟ್ಟೆಯನ್ನೂ ಅದ್ದುವುದಿಲ್ಲ, ನೊರೆ ಏಳು ಮನೆ ದಾಟಿ ಹೋಯಿತು, ಆಗಲೂ ಕುಂಝೆಸ್ ತಾನೇ ಹೋಗಿ ಶುಕ್ಪಾ ಮರದ ಎಲೆ ಸುಟ್ಟು ಹೊಗೆ ಹಾಕಿ ನಾಗರ ಕ್ಷಮೆ ಕೇಳಿ ಬಂದಳು, ಅತಿಥಿ ಅಲ್ಲವೇ, ಅತಿಥಿಗೆ ಏನನ್ನಾದರೂ ಅನ್ನುವುದುಂಟೇ. ತಪ್ಪು ಮಾಡಿದ್ದಕ್ಕೆ ಸಿಟ್ಟು ಬಂದಿದ್ದರೆ ತಾಳಿಕೊಳ್ಳಬಹುದಿತ್ತು. ಇವತ್ತು ಅವಳು ತಪ್ಪು ಮಾಡಲಿಲ್ಲ. ಸರಿಯಾದದ್ದನ್ನೇ ಮಾಡಿದಳು. ಅದಕ್ಕೇ ಈ ಪಾತ್ರೆಯ ತಳ ತೂತಾಗುವ ಹಾಗೆ ಉಜ್ಜುತ್ತಿರುವುದು.

ಎಲ್ಲ ತರ್ಚಿನ್‌ನಿಂದ. ಗಂಡ ಎನ್ನುವವನಿಗೆ ಕುದುರೆಗಳ ಮೇಲೆ ಸಾಮಾನು ಹೇರಿಸಿ ಕಣಿವೆ ದಾಟಿಸಿ ಅತಿಥಿಗಳನ್ನು ತರುವುದು ಗೊತ್ತು, ತಂದ ಮೇಲೆ ಒಲೆ ಪಕ್ಕ ಕೂತು ನಗಿಸುವುದು ಗೊತ್ತು, ನಿನ್ನೆ ಸಂಜೆ ತುಕ್ಪಾ ಕುಡಿಯುತ್ತ ಅವಳಿಗೆ ಪಾಠ ಹೇಳಿದ — ನಮ್ಮಲ್ಲಿ ಮೊದಲ್ನೇ ಸಲ ಕೊಟ್ರೆ ಬೇಡ ಅನ್ಬೇಕು, ಎರಡ್ನೇ ಸಲಾನೂ ಬೇಡ ಅನ್ಬೇಕು, ಮೂರ್ನೇ ಸಲ ತಗೋಬೇಕು, ಮೊದಲ್ನೇ ಸಲಕ್ಕೇ ತಗೊಂಡ್ರೆ ಇದ್ಯಾವ ನಾಡಿನ ಹಸಿದ ಯಾಕ್ ಎತ್ತು ಅಂತಾರೆ — ಅವಳು ನಕ್ಕಳು, ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡಳು. ಬರೆದುಕೊಂಡದ್ದನ್ನು ಬೆಳಿಗ್ಗೆ ಮಾಡಿಯೇ ನೋಡಿದಳು. ಬೆಣ್ಣೆ ಚಹಾದ ಕೆಟಲನ್ನು ಕುಂಝೆಸ್‌ಳ ಕೈಯಿಂದ ಇಸಕೊಂಡು ಬಾಗಿಲವರೆಗೂ ಹೋದಳು, ಬಾಗಿಲ ಪಕ್ಕದಲ್ಲಿ ಅತ್ತೆ, ಒಂದು ಕೈಯಲ್ಲಿ ಜಪದ ಮಣಿಚಕ್ರ, ಇನ್ನೊಂದು ಕೈಯನ್ನು ಎಂದಿನ ಹಾಗೆ ಬಟ್ಟಲಿನ ಮೇಲೆ ಅಡ್ಡ ಇಟ್ಟಳು, ಒಣಗಿದ ಎಲೆಯಂಥ ಅಂಗೈ, ಬೇಡ ತಾಯಿ. ತಗೊಳ್ಳಿ ಅಬಿ-ಲೆ. ಬೇಡ, ಸಾಕು. ತಗೊಳ್ಳಿ. ಎಲ್ಲರೂ ಅಬಿ-ಲೆ ಅನ್ನುತ್ತಾರೆ, ಅಜ್ಜಿ ಅಂತ, ಅವಳೂ ಕಲಿತಿದ್ದಾಳೆ. ಮೂರನೇ ಸಲಕ್ಕೆ ಆ ಅಂಗೈ ಪಕ್ಕಕ್ಕೆ ಸರಿಯಿತು. ಬಾಗಿಲು ತೆರೆದ ಹಾಗೆ. ಅತ್ತೆ ಕುಡಿದಳು, ಬಟ್ಟಲು ಮುಂದೆ ಹಿಡಿದಳು, ಮತ್ತೆ ಅಂಗೈ, ಮತ್ತೆ ಮೂರು ಸಲ, ಮತ್ತೆ ಕುಡಿದಳು, ಹುರಿದ ಜವೆಹಿಟ್ಟು ಕಲಸಿಕೊಂಡಳು, ಮೂರು ಮುದ್ದೆ, ಬಟ್ಟಲಿನ ಅಂಚನ್ನು ನೆಕ್ಕಿದಳು. ತರ್ಚಿನ್ ತೊಡೆ ತಟ್ಟಿ ನಕ್ಕ — ನೋಡ್ದೆಯಾ, ನಮ್ ಹುಡುಗಿ ಪಾಸಾದ್ಲು. ಇಂಗ್ರಿಡ್ ಕುಂಝೆಸ್ ಕಡೆ ತಿರುಗಿ ತನ್ನ ಹರಕುಮುರುಕು ಮಾತಿನಲ್ಲಿ ಕೇಳಿದಳು, ಬೈಗುಳವಲ್ಲ, ಬರೀ ಕೇಳಿದಳು — ಅಬಿ-ಲೆಗೆ ಹಸಿವು ತುಂಬಾ ಇತ್ತು, ಅಲ್ವಾ. ಪಾಪ, ಅವಳಿಗೇನು ಗೊತ್ತು. ಪಾಪ ಅಂತೆ ಪಾಪ. ಇವಳ ಕನಿಕರ ಯಾರಿಗೆ ಬೇಕು.

ಹಸಿವು ತುಂಬಾ ಇತ್ತು. ಹೋದ ವಾರ ಅತ್ತೆಯ ನಡುಪಟ್ಟಿ ಕಟ್ಟುವಾಗ ಅದು ಮೂರು ಸುತ್ತು ಬಂತು, ಯಾವಾಗಲೂ ಎರಡೇ ಸುತ್ತು ಬರುತ್ತಿತ್ತು, ಪಟ್ಟಿ ಹಿಗ್ಗಿದೆ ಅಂದುಕೊಂಡಳು, ಉಣ್ಣೆ ಹಳೆಯದಾದರೆ ಹಿಗ್ಗುತ್ತದೆ ಅಂದುಕೊಂಡಳು, ಅದೂ ಒಂದು ಅಂದುಕೊಳ್ಳುವುದೇ. ಕೆಮ್ಮುತ್ತಾಳೆ, ಬಾಗಿಲ ಸಂದಿಯ ಗಾಳಿ, ಇನ್ನೊಂದು ತಿಂಗಳಿಗೆ ಕಣಿವೆ ದಾರಿ ಮುಚ್ಚುತ್ತದೆ, ಆರು ತಿಂಗಳ ಹಿಮ, ಆ ಎಲುಬಿನಲ್ಲಿ ಏನಿದೆ ಹಿಮ ದಾಟಲಿಕ್ಕೆ. ಮುದುಕಿಗಾದರೂ ಬಾಯಿ ಇಲ್ಲವೇ, ಹಸಿವು ಅನ್ನಬಾರದೇ, ಹಾಕು ಅನ್ನಬಾರದೇ, ಆದರೆ ಅನ್ನುವುದಿಲ್ಲ, ಈ ಊರಲ್ಲಿ ಯಾರೂ ಅನ್ನುವುದಿಲ್ಲ, ಹಾಕು ಅಂದು ಬಾಯಿ ಬಿಟ್ಟು ಕೇಳುವುದು ನಾಯಿ ಮಾತ್ರ, ಅನ್ನುವುದು ಸಾಕು ಅಂತಲೇ, ಹಾಕಬೇಕಾದವಳು ಹಾಕಬೇಕು. ಹಾಕಬೇಕಾದವಳು. ಬೂದಿ ಉಗುರಿನೊಳಗೆ ಹೊಕ್ಕಿದೆ.

ಬಾಗಿಲ ಪಕ್ಕದಲ್ಲಿ ಯಾಕೆ ಕೂತಿದ್ದಾಳೆ ಅವಳು. ಅವಳ ಜಾಗ ಒಲೆಯ ಬಲಕ್ಕೆ, ತಾಮ್ರದ ಹಂಡೆಗಳ ಸಾಲಿನ ಕೆಳಗೆ, ಕೆಂಪು ಕಂಬಳಿ ಹಾಸಿದ ಮೊದಲ ಜಾಗ, ಮಾವ ತೀರಿಕೊಂಡ ಮೇಲೆ ಮನೆಗೆ ದೊಡ್ಡವಳು ಅವಳೇ, ಗುರುಗಳು ಬಂದರೆ ಮಾತ್ರ ಒಂದು ಜಾಗ ಕೆಳಗೆ ಸರಿಯುತ್ತಿದ್ದಳು. ಊರಿನ ಹದಿನಾಲ್ಕು ಮನೆಗೂ ಸರದಿಯ ಮೇಲೆ ಹಣ ಕೊಟ್ಟು ಉಳಿಯುವ ಅತಿಥಿಗಳು ಬರತೊಡಗಿದ ಮೇಲೆ ಮೊದಲ ಜಾಗ ಅತಿಥಿಗೆ, ಅದೂ ಸರಿಯೇ, ಅತ್ತೆಯೇ ಎದ್ದು ಕೊಟ್ಟಳು, ಇಬ್ಬರು ಬಂದರೆ ಎರಡು ಜಾಗ ಕೆಳಗೆ, ಮೂವರು ಬಂದರೆ ಮೂರು, ಆಷಾಢದ ಕೊನೆಗೆ ಆರು ಜನ ಒಟ್ಟಿಗೆ ಬಂದರು, ಉದ್ದ ಕಾಲಿನವರು, ಕಾಲು ಮಡಚಲಿಕ್ಕೇ ಬಾರದವರು, ಅತ್ತೆ ಬಾಗಿಲಿಗೆ ತಲುಪಿದಳು. ಆರೂ ಜನ ಹೋದರು. ಆ ಸಂಜೆ ಕುಂಝೆಸ್ ಹೇಳಿದ್ದಳು, ಇಲ್ಲ ಅನ್ನಬೇಡಿ, ಹೇಳಿದ್ದಳು — ಮೇಲೆ ಬನ್ನಿ ಅಬಿ-ಲೆ, ಒಲೆ ಹತ್ರ. ಇರ್ಲಿ ಮಗಾ, ಇಲ್ಲಿ ಗಾಳಿ ಚೆನ್ನಾಗಿದೆ. ಸರಿ ಹಾಗಾದ್ರೆ ಅಂದು ಪಾತ್ರೆ ತೊಳೆಯಲು ಹೋದಳು. ಒಂದೇ ಸಲ ಕೇಳಿದಳು. ಸರಿ ಹಾಗಾದ್ರೆ. ಎಲ್ಲಿ ಕಲಿತಳು ಈ ಮಾತು.

ಗೋಡೆಯ ಮೇಲಿದೆ, ಎಲ್ಲಿ ಅಂದರೆ, ಚೌಕಟ್ಟಿನೊಳಗೆ, ತಾರಾ ದೇವಿಯ ಪಟದ ಪಕ್ಕದಲ್ಲಿ ತರ್ಚಿನ್‌ನೇ ಮೊಳೆ ಹೊಡೆದು ನೇತುಹಾಕಿದ ಕಾಗದ. ಅತಿಥಿಗಳನ್ನು ನೋಡಿಕೊಳ್ಳುವುದಕ್ಕೆ ಎರಡು ದಿನದ ತರಬೇತಿ, ಮುಗಿಸಿದ್ದಕ್ಕೆ ಆ ಪತ್ರ, ಪೇಟೆಯಿಂದ ಬಂದ ಹುಡುಗಿ, ತುಟಿಗೆ ಬಣ್ಣ, ಶಾಲೆಯ ಅಂಗಳದಲ್ಲಿ ಊರ ಹೆಂಗಸರನ್ನೆಲ್ಲ ಕೂರಿಸಿಕೊಂಡು ಹೇಳಿದಳು — ನೋಡಿ ಅಚೆ-ಲೆ, ಅಕ್ಕಂದಿರಾ, ಅತಿಥಿ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ, ಒಂದೇ ಸಲ ಕೇಳಿ, ಒತ್ತಾಯ ಮಾಡ್ಬೇಡಿ, ಅವ್ರಿಗೆ ಹಿಂಸೆ ಆಗುತ್ತೆ. ಹೆಂಗಸರು ಶಾಲಿನ ಅಂಚು ಬಾಯಿಗಿಟ್ಟು ನಕ್ಕಿದ್ದರು, ಒಂದೇ ಸಲ ಕೇಳೋದು ಅಂದ್ರೆ ಹೋಗು ಅಂದ ಹಾಗಲ್ವೇನೇ. ಆದರೆ ಅದಕ್ಕಿಂತ ಮುಂಚೆ ಒಬ್ಬ ದಪ್ಪ ಮನುಷ್ಯ ಇದೇ ಮನೆಯಲ್ಲಿ ಒತ್ತಾಯಕ್ಕೆ ಹನ್ನೊಂದು ಬಟ್ಟಲು ಕುಡಿದು ಹಿತ್ತಲಲ್ಲಿ ಕಕ್ಕಿದ್ದ, ಕುಂಝೆಸ್‌ಗೆ ಅದು ನೆನಪಿತ್ತು, ಕಲಿತಳು, ನಾಚಿಕೆ ಬಿಟ್ಟು ಕಲಿತಳು, ಒಂದೇ ಸಲ ಕೇಳುವುದು, ಬೇಡ ಅಂದರೆ ಕೆಟಲು ಎತ್ತಿಕೊಂಡು ಮುಂದಿನವರಿಗೆ ಹೋಗುವುದು, ಎಷ್ಟು ಹಗುರ, ಎಷ್ಟು ಬೇಗ ಮುಗಿಯುತ್ತದೆ ಕೆಲಸ, ಸಾಲಿನ ಮೇಲಿಂದ ಶುರು ಮಾಡಿ ಒಬ್ಬೊಬ್ಬರಿಗೂ ಒಂದೊಂದು ಸಲ, ಸಾಲಿನ ಕೊನೆಗೆ ಬಾಗಿಲು, ಬಾಗಿಲ ಪಕ್ಕದಲ್ಲಿ ಅಂಗೈ. ಬೇಡ ಮಗಾ. ಸರಿ. ಸರಿ ಅಂದಳು. ಇಡೀ ಬೇಸಿಗೆ ಸರಿ ಅಂದಳು. ತರಬೇತಿಯ ಹುಡುಗಿ ಅತಿಥಿಗಳ ಬಗ್ಗೆ ಹೇಳಿದ್ದು, ಅತ್ತೆಯ ಬಗ್ಗೆ ಹೇಳಿರಲಿಲ್ಲ, ಆ ಹುಡುಗಿಯನ್ನು ಬೈದು ಏನು ಪ್ರಯೋಜನ, ತರ್ಚಿನ್‌ನನ್ನು ಬೈದು ಏನು, ಇಂಗ್ರಿಡ್‌ಳನ್ನು ಬೈದು ಏನು. ಕೆಟಲು ಯಾರ ಕೈಯಲ್ಲಿತ್ತು.

ಪಾತ್ರೆಗಳನ್ನು ಬುಟ್ಟಿಗೆ ಹಾಕಿ ಏರು ಹತ್ತುತ್ತಾಳೆ, ಉಸಿರು ಕಟ್ಟುತ್ತದೆ, ಹದಿನಾರು ವರ್ಷದ ಹಿಂದೆ ಇದೇ ಏರು ಹತ್ತಿ ಬಂದಿದ್ದಳು, ಮದುಮಗಳು, ಕಣಿವೆಯಾಚೆಯಿಂದ ಎರಡು ದಿನ ಕುದುರೆಯ ಮೇಲೆ, ಹೊಟ್ಟೆಯಲ್ಲಿ ಒಂದು ತುತ್ತಿಲ್ಲ, ಹೊಸ ಸೊಸೆ ಮೂರು ಸಲಕ್ಕೆಲ್ಲ ಕೈ ಸರಿಸಬಾರದು, ತವರಿನವರು ಹೇಳಿಕೊಟ್ಟು ಕಳಿಸಿದ್ದರು, ಅಂಗೈಯನ್ನು ಬಟ್ಟಲ ಮೇಲೆ ಒತ್ತಿ ಹಿಡಿದು ತಲೆ ತಗ್ಗಿಸಿ ಕೂತಿದ್ದಳು, ಬೆಣ್ಣೆಯ ವಾಸನೆಗೆ ಬಾಯಲ್ಲಿ ನೀರು, ಕಣ್ಣಲ್ಲೂ ನೀರು. ಅತ್ತೆ ಮೂರು ಸಲ ಕೇಳಿದಳು. ಐದು ಸಲ ಕೇಳಿದಳು. ಏಳನೇ ಸಲ ಕೆಟಲನ್ನು ಕೆಳಗಿಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕಿರುಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳನ್ನು ಬಟ್ಟಲಿನ ಮೇಲಿಂದ ಎತ್ತಿದಳು, ಸಾಲಿನಲ್ಲಿ ಕೂತವರೆಲ್ಲ ನಗುತ್ತಿದ್ದರು, ಅತ್ತೆ ಮಾತ್ರ ನಗದೆ ಕಿವಿಯ ಹತ್ತಿರ ಬಾಗಿ ಹೇಳಿದಳು — ಕುಡಿ ಮಗಾ, ಇದು ನಿನ್ ಮನೆ. ಬಿಸಿ ಇಳಿಯಿತು, ಗಂಟಲಿನಿಂದ ಹಿಮ್ಮಡಿಯವರೆಗೆ.

ಅಡುಗೆಮನೆಯಲ್ಲಿ ಯಾರೂ ಇಲ್ಲ. ಇಂಗ್ರಿಡ್‌ಳನ್ನು ಕರೆದುಕೊಂಡು ತರ್ಚಿನ್ ಗೊಂಪಾ ಮಠಕ್ಕೆ ಹೋಗಿದ್ದಾನೆ, ಒಲೆಯ ಬಲಕ್ಕೆ ಕೆಂಪು ಕಂಬಳಿ ಖಾಲಿ, ಬಾಗಿಲ ಪಕ್ಕದಲ್ಲಿ ಮಣಿಚಕ್ರ ತಿರುಗುವ ಸಣ್ಣ ಕಿರ್ ಕಿರ್. ಕುಂಝೆಸ್ ಬುಟ್ಟಿ ಇಳಿಸಿದಳು, ಕೆಟಲು ಎತ್ತಿಕೊಂಡಳು, ಚಹಾ ಇನ್ನೂ ಬಿಸಿ ಇದೆ, ಮೇಲೆ ಬೆಣ್ಣೆಯ ಹಳದಿ ಕಣ್ಣುಗಳು, ಬಾಗಿಲ ಹತ್ತಿರ ಹೋಗಿ ಕೂತಳು, ಮೇಲೆ ಬನ್ನಿ ಅಬಿ-ಲೆ, ಒಲೆ ಹತ್ರ ಬನ್ನಿ. ಇರ್ಲಿ ಮಗಾ. ಬನ್ನಿ. ಇಲ್ಲೇ ಚೆನ್ನಾಗಿದೆ. ಹಾಗಾದ್ರೆ ಚಹಾ ತಗೊಳ್ಳಿ. ಬೇಡ. ತಗೊಳ್ಳಿ. ಸಾಕು, ಬೆಳಿಗ್ಗೆ ಆಯ್ತಲ್ಲ. ಮೂರನೇ ಸಲ ಕೇಳಿದಳು, ಕೈ ಸರಿಯಲಿಲ್ಲ, ನಾಲ್ಕನೇ ಸಲ, ಐದನೇ ಸಲ, ಒಂದು ಬೇಸಿಗೆಯ ಬೇಡಗಳಿಗೆ ಎಷ್ಟು ಸಲ ಕೇಳಬೇಕು, ತಾರಾ ತಾಯೇ, ಯಾರೂ ಹೇಳಿಕೊಟ್ಟಿಲ್ಲ, ಏಳು ಆಯಿತು, ಒಂಬತ್ತು ಆಯಿತು, ಅತ್ತೆ ಸಿಟ್ಟಿನಲ್ಲಿಲ್ಲ, ಮುಖ ಶಾಂತವಾಗಿದೆ, ಎಷ್ಟು ಮರ್ಯಾದೆಯಿಂದ ತಲೆಬಾಗಿಸಿ ಹೇಳುತ್ತಾಳೆ, ಕಷ್ಟ ತಗೋಬೇಡಮ್ಮ, ಅತಿಥಿಗಳಿಗೆ ಇಡು — ಕುಂಝೆಸ್ ಕೆಟಲನ್ನು ನೆಲಕ್ಕಿಟ್ಟಳು, ಕೈ ಚಾಚಿದಳು, ಕಿರುಬೆರಳಿನಿಂದ ಶುರು ಮಾಡಬೇಕು, ಅತ್ತೆಯ ಕಿರುಬೆರಳು ತಣ್ಣಗಿದೆ, ಬಟ್ಟಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿದೆ, ಪರರ ಮನೆಗೆ ಬಂದವರ ಹಾಗೆ, ಮೊದಲ ದಿನದ ಮದುಮಗಳ ಹಾಗೆ, ಖಾಲಿ ಬಟ್ಟಲು, ಅದರ ಮೇಲೆ ಅಂಗೈ, ಅಂಗೈ.